ಪದ ಪುಕ್ಕಟೆ, ಹಾಡಿದವರ ದುಡಿಮೆ ಪುಕ್ಕಟೆಯಲ್ಲ

ವೇದಿಕೆಯ ಮೇಲಿನ ಹಿರಿಯರಿಗೆ, ದೂರದ ಹಳ್ಳಿಗಳಿಂದ ಕಲಬುರಗಿಗೆ ಬಂದಿರುವ ಭಜನಾ ಮೇಳಗಳಿಗೆ, ಹಿಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದು ಈ ಮಾತನ್ನೂ ರೆಕಾರ್ಡ್ ಮಾಡುತ್ತಿರುವ ತಮ್ಮಂದಿರಿಗೆ ಶರಣು ಶರಣಾರ್ಥಿ.

ನಮ್ಮ ಸೀಮೆಯಲ್ಲಿ ಅಮಾವಾಸ್ಯೆ ಬಂತೆಂದರೆ ಯಾವುದೋ ಮಠದಲ್ಲಿ, ಯಾವುದೋ ಗುಡಿಕಟ್ಟೆಯ ಮೇಲೆ ರಾತ್ರಿಯಿಡೀ ಭಜನೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೇ ಹಾರ್ಮೋನಿಯಂ. ಹಿಂದಿನ ಕಾಲದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಹಾಡು, ನಾವು ಪದ ಅನ್ನುವುದು, ಎತ್ತಿಕೊಳ್ಳುವಷ್ಟರಲ್ಲಿ ಎದುರಿಗೆ ನಾಲ್ಕೈದು ಫೋನಿನ ಸ್ಟ್ಯಾಂಡು ನಿಂತಿರುತ್ತವೆ. ಬೆಳಗಾದರೆ ಪದ ಯೂಟ್ಯೂಬಿನಲ್ಲಿ. ಮೂಲೆಯಲ್ಲಿ ಚಾನೆಲ್ಲಿನ ಲೋಗೊ, ಕೆಳಗೆ ‘ಶೂಟಿಂಗಿಗೆ ಸಂಪರ್ಕಿಸಿ’ ಎಂದು ಚಾನೆಲ್ಲಿನವರ ನಂಬರು, ಮೇಲೆ ‘ಹಳ್ಳಿ ಅಜ್ಜಿಯ ಅದ್ಭುತ ಕಂಠ’ ಎಂಬ ದಪ್ಪಕ್ಷರ. ಅಜ್ಜಿಗೊಂದು ಹೆಸರಿದೆ, ಅದೊಂದೇ ಅಲ್ಲಿಲ್ಲ.

ಪದ ಯಾರ ಸ್ವತ್ತೂ ಅಲ್ಲ ಅನ್ನುತ್ತಾರೆ. ಖರೆ. ನಮ್ಮ ಕಾಯಿದೆಯಲ್ಲಿ ಕವಿ ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದು. ಮಡಿವಾಳಪ್ಪನವರ ಪದಕ್ಕೆ ಯಾರೂ ಯಾರಿಗೂ ರೊಕ್ಕ ಕೊಡಬೇಕಿಲ್ಲ. ಆದರೆ ನಿನ್ನೆ ರಾತ್ರಿಯ ಆ ಹಾಡಿಕೆ ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು, ಅಂದರೆ ಹಾಡಿದವರ, ನುಡಿಸಿದವರ ಹಕ್ಕು ಎಂಬುದಿದೆ, 50 ವರ್ಷ ಬಾಳುವಂಥದ್ದು. 2012ರ ತಿದ್ದುಪಡಿ ಅದನ್ನು ಇನ್ನೂ ಬಲಪಡಿಸಿತು: ವಿಡಿಯೊ ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದರೂ, ಅದನ್ನು ವ್ಯಾಪಾರಕ್ಕೆ ಬಳಸಿದರೆ ಹಾಡಿದವರಿಗೆ ರಾಯಲ್ಟಿ ಸಲ್ಲಬೇಕು. ಮನೆಯಲ್ಲಿ ಕೂತು ಕೇಳಲು ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ. ಜಾಹೀರಾತು ಬಿದ್ದ ಕೂಡಲೇ ಲೆಕ್ಕ ಬದಲಾಗುತ್ತದೆ.

ಆ ಲೆಕ್ಕವನ್ನೂ ನೋಡೋಣ. ಯೂಟ್ಯೂಬು ತನ್ನ ಜಾಹೀರಾತಿನ ಆದಾಯ ಹಂಚಲು ಶುರುಮಾಡಿದ್ದು 2007ರಲ್ಲಿ. ಉದ್ದನೆಯ ವಿಡಿಯೊದಲ್ಲಿ ಬಂದ ನೂರು ರೂಪಾಯಿಗೆ 55 ಚಾನೆಲ್ಲಿಗೆ, 45 ಕಂಪನಿಗೆ. ಚಾನೆಲ್ಲು ಇನ್ನೂ ಆ ಹಂಚಿಕೆಯ ಪಾಲುದಾರನಾಗಿಲ್ಲ ಎನ್ನಿ, ಆಗಲೂ ಯೂಟ್ಯೂಬು ಜಾಹೀರಾತು ಹಾಕಬಹುದು. ಪೂರಾ ರೊಕ್ಕ ಕಂಪನಿಯದೇ. ಅಂದರೆ ಪುಕ್ಕಟೆ ಎಂದು ನಾವು ಕರೆಯುವ ಪದಕ್ಕೆ ಯಾರೋ ದುಡ್ಡು ಕೊಟ್ಟೇ ಇರುತ್ತಾರೆ, ಯಾರೋ ಎಣಿಸಿಕೊಂಡೇ ಇರುತ್ತಾರೆ. ಕೇಳುವವರಿಂದ ವಸೂಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಎಣಿಸಿಕೊಂಡವರಿಂದ ಕೇಳಿ ಎನ್ನುತ್ತೇನೆ.

‘ಗುರುವಿನ ಪದ ಮಾರಬಾರದು’ ಎನ್ನುವ ಹಾಡುಗಾರರು ಈ ಸಭೆಯಲ್ಲೇ ಇದ್ದಾರೆ. ಅವರ ಮುಂದೆ ರೊಕ್ಕದ ಮಾತಾಡಲು ನನಗೂ ಸಂಕೋಚ. ಆದರೆ ಅವರು ಪದ ಕೊಟ್ಟದ್ದು ಕಟ್ಟೆಯ ಮೇಲೆ ಕೂತವರಿಗೆ, ಸಾಬೂನು ಕಂಪನಿಯ ಜಾಹೀರಾತಿಗಲ್ಲ. ಕಟ್ಟೆಯ ಮೇಲೂ ಮೆಚ್ಚಿ ಕೊಡುವ ಆಯಾರ ಎಂಬುದೊಂದಿತ್ತಲ್ಲ? ಹತ್ತು ರೂಪಾಯಿ ಕೊಟ್ಟವರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಿದ್ದರು; ಅದು ಮಾರಾಟವಾಗಿರಲಿಲ್ಲ, ಹಾಡಿದವರು ಖಾಲಿ ಕೈಯಲ್ಲಿ ಹೋಗುತ್ತಲೂ ಇರಲಿಲ್ಲ.

ತಿಳಿದು ಕೊಡುವವರ ಸಂಗತಿ ಬೇರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬರೆಯುವವರು ಬಿಡಿಗಾಸೂ ಕೇಳುವುದಿಲ್ಲ. ಅಲ್ಲಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಪ್ರಕಾರ ಅವರ ಬರಹವನ್ನು ಅಚ್ಚು ಹಾಕಿ ಮಾರಲೂಬಹುದು, ಬರೆದವರನ್ನು ನೆನೆದು ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಟ್ಟರೆ ಸಾಕು. ಷರತ್ತು ಮೊದಲೇ ಬರೆದಿದೆ, ಅವರು ಒಪ್ಪಿದ್ದಾರೆ. ನಮ್ಮ ಅಜ್ಜಿಯನ್ನು ಯಾರು ಕೇಳಿದರು?

ಯುಪಿಐ ಬಂದ ಮೇಲೆ ಕೆಲವರು ವಿಡಿಯೊದಲ್ಲಿ ಕ್ಯೂಆರ್ ಕೋಡು ಹಾಕುತ್ತಾರೆ. ಹಾಕಲಿ, ಹಾಡಿದವರದ್ದೇ ಹಾಕಲಿ. ಅದು ಮೆಚ್ಚುಗೆ, ಹಕ್ಕಲ್ಲ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೆ ಹೆಚ್ಚು ನಂಬಿಕೆ ಒಂದು ಹಾಳೆಯ ಮೇಲೆ. ಯಾರು ಹಾಡಿದರು, ಯಾವ ಚಾನೆಲ್ಲು, ಎಷ್ಟು ಪಾಲು, ಎಷ್ಟು ವರ್ಷ, ಕನ್ನಡದಲ್ಲಿ ನಾಲ್ಕು ಸಾಲು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಹಕ್ಕು ಬರೆದುಕೊಟ್ಟ ಹಾಳೆಯಲ್ಲಿ ಅವಧಿ ನಮೂದಿಸದಿದ್ದರೆ ಕಾಯಿದೆ ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ‘ಶಾಶ್ವತವಾಗಿ’ ಎಂಬ ಶಬ್ದ ಕಂಡರೆ ಮಾತ್ರ ಪೆನ್ನು ಕೆಳಗಿಡಿ.

ಚಾನೆಲ್ಲಿನ ತಮ್ಮಂದಿರೇ, ನಿಮ್ಮದೂ ದುಡಿಮೆ ಎಂಬುದು ನನಗೆ ಗೊತ್ತು. ಕ್ಯಾಮೆರಾ ಹೊತ್ತು ಜೇವರ್ಗಿ, ಅಫಜಲಪುರದ ಹಳ್ಳಿಗಳಿಗೆ ರಾತ್ರಿ ಬೈಕಿನಲ್ಲಿ ಹೋಗುವವರು ನೀವು. ನೀವಿಲ್ಲದಿದ್ದರೆ ಎಷ್ಟೋ ಪದ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ‘ಏನೂ ಬರೋದಿಲ್ಲರಿ’ ಎನ್ನುತ್ತೀರಿ. ಇರಬಹುದು. ಯಾವ ವಿಡಿಯೊಗೆ ಎಷ್ಟು ಬಂತೆಂದು ಯೂಟ್ಯೂಬ್ ಸ್ಟುಡಿಯೊದಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಆ ಪುಟವನ್ನು ಮೇಳದವರಿಗೆ ತೋರಿಸಿ. ಮುನ್ನೂರು ಬಂದಿದ್ದರೆ ಮುನ್ನೂರರ ಪಾಲು.

ದಮ್ಮಡಿಯವರು, ತಾಳದವರು, ಹಿಮ್ಮೇಳದವರಿಗೆ ಎಷ್ಟು ಎಂಬ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಕಾಯಿದೆಯ ಕಣ್ಣಿಗೆ ಅವರೂ ಪ್ರದರ್ಶಕರೇ. ಹಂಚಿಕೆಯನ್ನು ಮೇಳದವರೇ ಕೂತು ತೀರ್ಮಾನಿಸಲಿ, ಆದರೆ ಶೂಟಿಂಗಿಗೆ ಮೊದಲು. ಊಟದ ನಂತರ ಆ ಹಾಳೆಯ ಒಂದು ನಮೂನೆ ಇದೇ ಮೇಜಿನ ಮೇಲೆ ಇಟ್ಟಿರುತ್ತೇನೆ; ತಪ್ಪಿದ್ದರೆ ತಿದ್ದಿ, ಸರಿ ಕಂಡರೆ ಜೆರಾಕ್ಸ್ ಮಾಡಿಸಿಕೊಳ್ಳಿ.