ನಗಿಸುವವರ ಪಕ್ಕದ ಸೀಟಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನಡೆಯುವ ಕನ್ನಡ ಸಮ್ಮೇಳನಗಳ ವರದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಉದ್ಘಾಟನೆಗೆ ನಾಲ್ಕು ಕಾಲಂ, ಮಂತ್ರಿಗಳ ಮಾತಿಗೆ ಎರಡು ಕಾಲಂ. ಹಾಸ್ಯಗೋಷ್ಠಿಗೆ ಕೊನೆಯಲ್ಲಿ ಒಂದೇ ಸಾಲು: ‘ಸಭಿಕರನ್ನು ನಗೆಗಡಲಲ್ಲಿ ತೇಲಿಸಿದರು.’ ಪತ್ರಕರ್ತನಾಗಿ ನನಗೆ ಈ ಸಾಲಿನ ಮೇಲೆ ಸಿಟ್ಟಿದೆ. ತೇಲಿಸಿದ್ದು ಹೇಗೆ ಅಂತ ಯಾರೂ ಬರೆಯುವುದಿಲ್ಲ. ನಗಿಸುವವರ ಪಕ್ಕದ ಸೀಟಿನಲ್ಲಿ ಕೂತು ಆ ದುಡಿಮೆಯನ್ನು ನೋಡಿದವನು ನಾನು. ಇವತ್ತು ಅದನ್ನೇ ಹೇಳುತ್ತೇನೆ.

‘ಅಕ್ಕ’, ಅಂದರೆ ಅಮೆರಿಕ ಕನ್ನಡ ಕೂಟಗಳ ಆಗರ, ತನ್ನ ಮೊದಲ ವಿಶ್ವ ಸಮ್ಮೇಳನವನ್ನು 2000ದಲ್ಲಿ ಹ್ಯೂಸ್ಟನ್‌ನಲ್ಲಿ ನಡೆಸಿತು. ಆಮೇಲೆ ಎರಡು ವರ್ಷಕ್ಕೊಂದು ಊರು. 2008ರ ಆಗಸ್ಟ್ ಕೊನೆಗೆ ಷಿಕಾಗೋ ಸರದಿ. ದೇವನಹಳ್ಳಿಯ ವಿಮಾನ ನಿಲ್ದಾಣ ಆಗಷ್ಟೇ ಹೊಸದು. ಅಲ್ಲಿಂದ ಹೊರಟ ನಮ್ಮ ತಂಡದಲ್ಲಿ ಇಬ್ಬರು ಹೆಸರಾಂತ ಹಾಸ್ಯ ಬರಹಗಾರರಿದ್ದರು. ಅವರು ಖಾಸಗಿಯಾಗಿ ಆಡಿದ ಮಾತನ್ನೂ ಹೇಳಲಿದ್ದೇನೆ, ಹಾಗಾಗಿ ಹೆಸರು ಬೇಡ. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಮೇಡಂ. ತಂಡದಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ.

ವಿಮಾನದಲ್ಲಿ ಮೇಷ್ಟ್ರು ನಮ್ಮ ಜೊತೆ ಹೆಚ್ಚು ಮಾತಾಡಲಿಲ್ಲ. ಹಿಂದಿನ ಸಾಲಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಇದ್ದರು. ಅವರ ಪಕ್ಕದ ಸೀಟು ಖಾಲಿಯಾಗಿದ್ದೇ ತಡ, ಮೇಷ್ಟ್ರು ಅಲ್ಲಿಗೆ ಹೋದರು. “ಏನೇನು ತಗೊಂಡು ಹೊರಟಿದ್ದೀರಮ್ಮ?” ಅಜ್ಜಿ ಪಟ್ಟಿ ಒಪ್ಪಿಸಿದರು. ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಸಾರಿನ ಪುಡಿ, ಮಗುವಿಗೆ ಬಜೆ. “ಕಸ್ಟಮ್ಸ್‌ನವರು ಏನು ಕೇಳಿದರೂ ‘ಫುಡ್’ ಅಂದುಬಿಡಿ ಅಂತ ಅಳಿಯ ಹೇಳಿದ್ದಾನೆ” ಅಂದರು. ಮೇಷ್ಟ್ರು ನಗಲಿಲ್ಲ. ಬಜೆ ತೇಯುವುದು ಹೇಗೆ, ಲೇಹ್ಯಕ್ಕೆ ಏನೇನು ಹಾಕುತ್ತಾರೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು. ಬಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಷಿಕಾಗೋ ತಲುಪಿದ ದಿನ ಆತಿಥೇಯರ ಮನೆಯಲ್ಲಿ ಒಂದು ಸಣ್ಣ ಕೂಟ. ಮೇಷ್ಟ್ರು ತಮ್ಮ ಹಳೆಯ ಸ್ಕೂಟರ್ ಪ್ರಸಂಗ ತೆಗೆದರು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದ ಕಥೆ ಅದು. ಅಪ್ಪ ಸ್ಕೂಟರ್ ಬುಕ್ ಮಾಡಿದ ದಿನ ಹುಟ್ಟಿದ ಮಗ, ಅದನ್ನು ಶೋರೂಮಿನಿಂದ ತಾನೇ ಓಡಿಸಿಕೊಂಡು ಬರುತ್ತಾನೆ. ಎಪ್ಪತ್ತರ ದಶಕದಲ್ಲಿ ಊರು ಬಿಟ್ಟಿದ್ದ ಡಾಕ್ಟರುಗಳು, ಎಂಜಿನಿಯರುಗಳು ಕಣ್ಣು ಒರೆಸಿಕೊಂಡು ನಕ್ಕರು. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಹುಡುಗರು ಮರ್ಯಾದೆಗೆ ಮುಗುಳ್ನಕ್ಕರು, ಅಷ್ಟೇ.

ಬೇರೆಯವರಾಗಿದ್ದರೆ ಅರ್ಧ ಸಭೆ ನಕ್ಕಿತಲ್ಲ ಅಂತ ಸುಮ್ನೆ ಇರುತ್ತಿದ್ದರು. ಮೇಷ್ಟ್ರು ಆ ರಾತ್ರಿ ಮನೆಯವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ಯಾರ್‍ಯಾರು ಯಾವ ವರ್ಷ ಬಂದರು? ಮಲಗುವ ಮುಂಚೆ ನನಗೆ ಹೇಳಿದರು: “ನೋಡಪ್ಪ, ಇಲ್ಲಿ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ವರ್ಷದ ಬೆಂಗಳೂರಿದೆ. ಅವರು ವಿಮಾನ ಹತ್ತಿದ ವರ್ಷದ್ದು. ನಾನು ಅಷ್ಟೂ ಬೆಂಗಳೂರಿಗೆ ಹೋಗಿಬರಬೇಕು.”

ಸಮ್ಮೇಳನದ ವೇದಿಕೆಯಲ್ಲಿ ಅದೇ ಕಥೆ ಬೇರೆಯಾಗಿತ್ತು. ಅಪ್ಪ ಸ್ಕೂಟರಿಗೆ ಕಾಯುತ್ತಿದ್ದಾನೆ, ಮಗ ಕಾರಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಬಿದ್ದಿದ್ದಾನೆ, ಇಬ್ಬರೂ ಮನೆಗೆ ಸೇರುವ ಹೊತ್ತು ಒಂದೇ. ಈ ಸಲ ಹಿಂದಿನ ಸಾಲಿನ ಹುಡುಗರೇ ಮೊದಲು ನಕ್ಕರು. ಆಮೇಲೆ ಲೇಹ್ಯದ ಡಬ್ಬಿ ಹಿಡಿದ ಅಜ್ಜಿ ಬಂದರು. ಅಧಿಕಾರಿ ಡಬ್ಬಿ ಮೂಸುತ್ತಾನೆ, ಸೀನುತ್ತಾನೆ. ಅಜ್ಜಿ ಗಾಬರಿಯಾಗಿ “ನೆಗಡಿಯಾಗಿದೆಯೇನಪ್ಪ? ಒಂದು ಚೂರು ತಿನ್ನು” ಅಂತಾರೆ. ಅಜ್ಜಿಯನ್ನು ಅವರು ಪೆದ್ದಿ ಮಾಡಲಿಲ್ಲ. ಆ ಅಧಿಕಾರಿಯೂ ಅವರಿಗೆ ಮೊಮ್ಮಗನಾಗಿಬಿಟ್ಟ. ಸಭೆಯಲ್ಲಿ ನಗುತ್ತಲೇ ಅತ್ತವರಿದ್ದರು.

ಮೇಡಂ ರೀತಿಯೇ ಬೇರೆ. ಭಾರತೀಯ ಅಂಗಡಿಗಳು ಸಾಲಾಗಿರುವ ಡೆವಾನ್ ಅವೆನ್ಯೂಗೆ ಹೋದರೆ ಅವರು ಏನೂ ಕೊಳ್ಳುತ್ತಿರಲಿಲ್ಲ. ತರಕಾರಿ ಹತ್ತಿರ ನಿಂತುಬಿಡುತ್ತಿದ್ದರು. ಡಾಲರಿಗೆ ಆಗ 40 ರೂಪಾಯಿ ಚಿಲ್ಲರೆ. ಹೊಸದಾಗಿ ಬಂದ ಗಂಡಹೆಂಡತಿ ನುಗ್ಗೆಕಾಯಿಯ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಎದೆ ಒಡೆದುಕೊಂಡು, ವಾಪಸ್ ಇಡುವುದನ್ನು ನೋಡುತ್ತಿದ್ದರು. ಮರುದಿನ ಆ ದೃಶ್ಯವೇ ವೇದಿಕೆಯ ಮೇಲೆ.

ಆದರೆ ಒಂದು ವಿಷಯಕ್ಕೆ ಅವರು ಕೈ ಹಾಕುತ್ತಿರಲಿಲ್ಲ. ಅಲ್ಲಿ ಹುಟ್ಟಿದ ಮಕ್ಕಳ ತೊದಲು ಕನ್ನಡವನ್ನು ಅಣಕಿಸಿದರೆ ಚಪ್ಪಾಳೆ ಗ್ಯಾರಂಟಿ, ಅಲ್ವಾ? ಒಬ್ಬ ಸಂಘಟಕರು ಅದನ್ನೇ ಮಾಡಿ ಅಂದರು. ಮೇಡಂ ಹೇಳಿದ್ದಿಷ್ಟು: “ಆ ಮಗು ವಾರದ ರಜೆ ಬಿಟ್ಟು ಕನ್ನಡ ಕ್ಲಾಸಿಗೆ ಬರುತ್ತೆ. ನಾನು ನಕ್ಕರೆ ನಾಳೆಯಿಂದ ಬಾಯಿ ಬಿಡಲ್ಲ.” ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸುಲಭದ ನಗುವನ್ನು ಬಿಟ್ಟುಕೊಡಲು ಗಟ್ಟಿ ಮನಸ್ಸು ಬೇಕು.

ಕಿವಿಗೊಟ್ಟು ಕೇಳುವ ಈ ಗುಣ ನಮ್ಮ ಹಾಸ್ಯಕ್ಕೆ ಹೊಸದಲ್ಲ. ಕೈಲಾಸಂ ಲಂಡನ್ನಿನಲ್ಲಿ ಓದಿದ್ದು ಭೂಗರ್ಭಶಾಸ್ತ್ರ. 1915ರಲ್ಲಿ ಮರಳಿದ ಮೇಲೆ ಅವರು ಬರೆದಿದ್ದು ಮಾತ್ರ ಬೆಂಗಳೂರಿನ ಮನೆಗಳಲ್ಲಿ ಜನ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನು. ನಾ. ಕಸ್ತೂರಿಯವರು ಕೇರಳದಿಂದ ಮೈಸೂರಿಗೆ ಪಾಠ ಹೇಳಲು ಬಂದವರು. ಕನ್ನಡ ಅವರ ಮನೆಮಾತಲ್ಲ. ಕಲಿತ ಭಾಷೆಯಲ್ಲೇ ಅವರು ನಮ್ಮನ್ನು ಅಷ್ಟು ನಗಿಸಿದರು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ರೇಡಿಯೊಗೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರೂ ಕಸ್ತೂರಿಯವರೇ.

ಮೇಷ್ಟ್ರ ಸ್ಕೂಟರ್ ಕಥೆ ಅವರ ಪುಸ್ತಕದಲ್ಲಿದೆ, ಹಳೆಯ ರೂಪದಲ್ಲಿ. ಷಿಕಾಗೋದಲ್ಲಿ ಅವರು ಕಟ್ಟಿದ ರೂಪ ಯಾವ ಪುಸ್ತಕದಲ್ಲೂ ಇಲ್ಲ. ಸಭೆ ನೋಡಿ ಬದಲಾಗುವ ಕಥೆ ಧ್ವನಿಯಲ್ಲಿ ಮಾತ್ರ ಉಳಿಯುತ್ತದೆ. ಅಲ್ಲಿನ ಕನ್ನಡ ಕೂಟಗಳವರ ಹತ್ತಿರ, ಇಲ್ಲಿ ನಿಮ್ಮ ಮನೆಗಳಲ್ಲಿ, ಹಾಸ್ಯಗೋಷ್ಠಿಗಳ ಕ್ಯಾಸೆಟ್ಟು, ಸೀಡಿ ಇದ್ದರೆ ದಯವಿಟ್ಟು ಎಸೆಯಬೇಡಿ. ಯಾವ ಊರು, ಯಾವ ವರ್ಷ, ಮುಂದೆ ಕೂತವರು ಯಾರು ಅಂತ ಮೇಲೆ ಬರೆದಿಡಿ. ಬೂಸ್ಟು ಹಿಡಿಯುವ ಮುಂಚೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ನಮಸ್ಕಾರ.