ಪ್ರೈಮರಿಯಲ್ಲಿ ಎಣಿಸಬೇಕಾದದ್ದು ಪ್ರತಿನಿಧಿಗಳನ್ನು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಮೊದಲ ಪ್ರಶ್ನೆ, ‘ಟಿಕೆಟ್ ಯಾರಿಗೆ?’ ಬಿ ಫಾರಂ ಮೇಲಿನಿಂದ ಬರುತ್ತದೆ, ಮತದಾರನ ಸರದಿ ಅದಾದ ಮೇಲೆ. ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಟಿಕೆಟನ್ನೂ ಮತದಾರರೇ ಮತ ಹಾಕಿ ತೀರ್ಮಾನಿಸುತ್ತಾರೆ. ಅದಕ್ಕೇ ಪ್ರೈಮರಿ ಎನ್ನುವುದು. ನಾಲ್ಕು ವರ್ಷಕ್ಕೊಮ್ಮೆ, ವರ್ಷದ ಮೊದಲ ಆರು ತಿಂಗಳು, ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ದಿನ, ಕೆಲವೊಮ್ಮೆ ಹಲವು ರಾಜ್ಯಗಳಲ್ಲಿ ಒಂದೇ ದಿನ, ಇದು ನಡೆಯುತ್ತದೆ. ‘ಇಂಥ ರಾಜ್ಯದಲ್ಲಿ ಇಂಥವರಿಗೆ ಗೆಲುವು’ ಎಂಬ ಸುದ್ದಿ ನಮಗೂ ಬರುತ್ತದೆ. ಆದರೆ ಆ ಗೆಲುವಿನಿಂದ ಎಷ್ಟು ಪ್ರತಿನಿಧಿಗಳು ಸಿಕ್ಕರು ಎಂದು ಯಾರೂ ಹೇಳುವುದಿಲ್ಲ. ಟಿಕೆಟ್ ನಿಂತಿರುವುದೇ ಆ ಲೆಕ್ಕದ ಮೇಲೆ.

ಪ್ರೈಮರಿಯಲ್ಲಿ ಬಿದ್ದ ಮತ ನೇರವಾಗಿ ಅಭ್ಯರ್ಥಿಯನ್ನು ಆರಿಸುವುದಿಲ್ಲ. ಬೇಸಿಗೆಯಲ್ಲಿ ನಡೆಯುವ ಪಕ್ಷದ ಮಹಾಧಿವೇಶನಕ್ಕೆ ಆ ರಾಜ್ಯದಿಂದ ಯಾರ ಪರವಾಗಿ ಎಷ್ಟು ಪ್ರತಿನಿಧಿಗಳು ಹೋಗಬೇಕು ಎಂಬುದನ್ನು ಅದು ನಿಗದಿ ಮಾಡುತ್ತದೆ. ಒಟ್ಟು ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರ ಕಡೆಗಿದ್ದಾರೋ ಅವರಿಗೆ ಟಿಕೆಟ್. 2024ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ 2,429 ಪ್ರತಿನಿಧಿಗಳಿದ್ದರು, ಬೇಕಾಗಿದ್ದದ್ದು 1,215.

ಈ ಪದ್ಧತಿ ಗಟ್ಟಿಯಾದದ್ದು ಈಚೆಗೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಪಡೆದರು. ಆಗ ಹೆಚ್ಚಿನ ರಾಜ್ಯಗಳಲ್ಲಿ ಪ್ರತಿನಿಧಿಗಳನ್ನು ಆರಿಸುತ್ತಿದ್ದವರು ಪಕ್ಷದ ಮುಖಂಡರು. ಷಿಕಾಗೊದಲ್ಲಿ ಅಧಿವೇಶನ ನಡೆಯುವಾಗ ಹೊರಗೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದವರ ಮೇಲೆ ಪೊಲೀಸರ ಲಾಠಿ ಬೀಳುತ್ತಿತ್ತು. ಆ ಕಹಿಯಿಂದ ಹುಟ್ಟಿದ್ದು, ಪ್ರತಿನಿಧಿಗಳ ಆಯ್ಕೆಯನ್ನು ಸುಧಾರಿಸಲು ಪಕ್ಷ ನೇಮಿಸಿದ ಮೆಕ್‌ಗವರ್ನ್–ಫ್ರೇಸರ್ ಆಯೋಗ. ಅದು ತಂದ ನಿಯಮಗಳಿಗೆ ಹೊಂದಿಕೊಳ್ಳಲು 1972ರಿಂದ ರಾಜ್ಯಗಳು ಒಂದೊಂದಾಗಿ ಪ್ರೈಮರಿಯ ಕಡೆ ತಿರುಗಿದವು.

ಈಗ ಲೆಕ್ಕಕ್ಕೆ ಬರೋಣ. ಕೈಯಲ್ಲಿ ಪೆನ್ಸಿಲ್ ಇದ್ದರೆ ಒಳ್ಳೆಯದು.

ಡೆಮಾಕ್ರಟಿಕ್ ಪಕ್ಷದಲ್ಲಿ ಮತದ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು. ಆದರೆ ಶೇಕಡಾ 15 ಮುಟ್ಟದವರಿಗೆ ಏನೂ ಇಲ್ಲ. ರಾಜ್ಯದೊಳಗಿನ ಒಂದು ಕ್ಷೇತ್ರಕ್ಕೆ ಐದು ಪ್ರತಿನಿಧಿಗಳು ಅನ್ನಿ. ಐವರು ಅಭ್ಯರ್ಥಿಗಳಿಗೆ ನೂರಕ್ಕೆ 40, 30, 14, 10, 6 ಮತ ಬಿದ್ದಿವೆ. ಕೊನೆಯ ಮೂವರೂ ಹೊರಗೆ. ಉಳಿದ 70ರಲ್ಲಿ 40 ಮತ ಪಡೆದವರಿಗೆ ಮೂರು, 30 ಪಡೆದವರಿಗೆ ಎರಡು. ನೂರರಲ್ಲಿ ಮೂವತ್ತು ಜನರ ಮತಕ್ಕೆ ಅಲ್ಲಿ ಒಬ್ಬ ಪ್ರತಿನಿಧಿಯೂ ಹುಟ್ಟಲಿಲ್ಲ. ಕಣದಲ್ಲಿ ಜನ ಹೆಚ್ಚಾದಷ್ಟೂ ಇಂಥ ಮತಗಳು ಹೆಚ್ಚು.

ಇನ್ನೊಂದು ಸೂಕ್ಷ್ಮ ಸಮ ಮತ್ತು ಬೆಸ ಸಂಖ್ಯೆಯದ್ದು. ಇಬ್ಬರೇ ಸ್ಪರ್ಧಿಗಳು, ನಾಲ್ಕು ಪ್ರತಿನಿಧಿಗಳು. ಒಬ್ಬರಿಗೆ 60, ಇನ್ನೊಬ್ಬರಿಗೆ 40. ಪಾಲು ಹಾಕಿದರೆ 2.4 ಮತ್ತು 1.6. ಪೂರ್ಣಾಂಕ ಮೊದಲು ಕೊಟ್ಟು, ಉಳಿದದ್ದನ್ನು ದೊಡ್ಡ ಶೇಷ ಇದ್ದವರಿಗೆ ಕೊಡುವುದು ಕ್ರಮ. ಹಾಗಾಗಿ ಎರಡು–ಎರಡು. ಇಪ್ಪತ್ತರ ಅಂತರದ ಗೆಲುವಿಗೆ ಲಾಭ ಸೊನ್ನೆ! ಮೂರನೆಯವರು ಬೇಕೆಂದರೆ 62.5 ದಾಟಬೇಕು. ಅದೇ ಮೂರು ಪ್ರತಿನಿಧಿಗಳ ಕ್ಷೇತ್ರವಾದರೆ 51 ಬಂದರೂ ಸಾಕು, ಎರಡು–ಒಂದು. ಆದ್ದರಿಂದ ಅನುಭವಸ್ಥ ಪ್ರಚಾರ ತಂಡ ಹಣವನ್ನೂ ಕಾರ್ಯಕರ್ತರನ್ನೂ ಮೊದಲು ಕಳಿಸುವುದು ಬೆಸ ಸಂಖ್ಯೆಯ ಕ್ಷೇತ್ರಗಳಿಗೆ.

2008ರಲ್ಲಿ ಡೆಮಾಕ್ರಟಿಕ್ ಟಿಕೆಟಿಗಾಗಿ ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಬರಾಕ್ ಒಬಾಮಾ ಅವರ ತಂಡ ಈ ಲೆಕ್ಕವನ್ನು ಅರೆದು ಕುಡಿದಿತ್ತು. ಒಂದೇ ದಿನ, ಫೆಬ್ರವರಿ 5ರಂದು, ನ್ಯೂಜೆರ್ಸಿಯಲ್ಲಿ ಹಿಲರಿ ಕ್ಲಿಂಟನ್ 59–48ರಿಂದ ಮುಂದೆ ಬಂದರು, ಅಂದರೆ ಹನ್ನೊಂದು ಪ್ರತಿನಿಧಿಗಳ ಲಾಭ. ಪುಟ್ಟ ಐಡಹೊದಲ್ಲಿ ಒಬಾಮಾ 15–3ರಿಂದ ಗೆದ್ದರು, ಹನ್ನೆರಡರ ಲಾಭ. ಪತ್ರಿಕೆಗಳ ದೊಡ್ಡಕ್ಷರ ನ್ಯೂಜೆರ್ಸಿಗೆ, ಟಿಕೆಟಿಗೆ ಬೇಕಾದದ್ದು ಐಡಹೊದಲ್ಲಿ.

ರಿಪಬ್ಲಿಕನ್ನರಲ್ಲಿ ನಿಯಮ ರಾಜ್ಯಕ್ಕೊಂದು. ಹಲವೆಡೆ ಮೊದಲ ಸ್ಥಾನ ಪಡೆದವರಿಗೇ ಎಲ್ಲ. 2016ರಲ್ಲಿ ಸೌತ್ ಕೆರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್‌ಗೆ ಬಿದ್ದದ್ದು ಶೇಕಡಾ 32.5ರಷ್ಟು ಮತ. ಇಡೀ ರಾಜ್ಯದಲ್ಲಿ ಮೊದಲಿಗರಿಗೆ 29, ಏಳು ಕ್ಷೇತ್ರಗಳಲ್ಲಿ ತಲಾ ಮೂರು. ಎಲ್ಲೆಡೆ ಅವರೇ ಮುಂದಿದ್ದುದರಿಂದ ಐವತ್ತಕ್ಕೆ ಐವತ್ತೂ ಅವರ ಪಾಲಾಯಿತು. ವಿರೋಧಿಗಳು ಐದಾರು ಜನ ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಕೆಲವು ರಾಜ್ಯಗಳಲ್ಲಿ ಪ್ರೈಮರಿಯ ಬದಲು ಕಾಕಸ್ ಇದೆ. ಅಯೊವಾದಲ್ಲಿ 2020ರವರೆಗೆ ಡೆಮಾಕ್ರಟರ ಕಾಕಸ್ ನಡೆಯುತ್ತಿದ್ದ ಬಗೆ ನೋಡಿ. ಚಳಿಗಾಲದ ಸಂಜೆ ಏಳು ಗಂಟೆ, ಯಾವುದೋ ಶಾಲೆಯ ಸಭಾಂಗಣ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಬಂದವರು ತಮಗೆ ಬೇಕಾದ ಮೂಲೆಗೆ ಹೋಗಿ ನಿಲ್ಲಬೇಕು, ತಲೆ ಎಣಿಕೆ. ನೂರು ಜನ ಸೇರಿದ್ದರೆ ಸಾಮಾನ್ಯವಾಗಿ ಒಂದು ಗುಂಪಿಗೆ 15 ಜನ ಬೇಕು. 12 ಜನರಿದ್ದರೆ ಆ ಗುಂಪು ಒಡೆಯಬೇಕು, ಇಲ್ಲವೇ ಇನ್ನೂ ಮೂವರನ್ನು ಒಲಿಸಿ ಕರೆತರಬೇಕು. ಅಕ್ಕಪಕ್ಕದ ಮನೆಯವರೇ ‘ಈ ಕಡೆ ಬನ್ನಿ’ ಎಂದು ಕರೆಯುತ್ತಿರುತ್ತಾರೆ. ಚರ್ಚೆಯ ದೃಷ್ಟಿಯಿಂದ ಚೆಂದವೇ. ಆದರೆ ರಾತ್ರಿ ಪಾಳಿಯವರು, ಕೈಕೂಸಿನ ತಾಯಂದಿರು, ಹಿಮದಲ್ಲಿ ಹೊರಗೆ ಬರಲಾಗದ ಮುದುಕರು ಇದರಿಂದ ದೂರವೇ ಉಳಿಯುತ್ತಿದ್ದರು. ಅದು ಸಣ್ಣ ದೋಷವಲ್ಲ. 2020ರಲ್ಲಿ ಫಲಿತಾಂಶ ಕಳಿಸುವ ಮೊಬೈಲ್ ಆ್ಯಪ್ ಕೈಕೊಟ್ಟು, ಆ ರಾತ್ರಿ ಗೆದ್ದವರು ಯಾರೆಂದೇ ತಿಳಿಯಲಿಲ್ಲ. 2024ರಲ್ಲಿ ಅಲ್ಲಿನ ಡೆಮಾಕ್ರಟರು ಅಂಚೆ ಮತಕ್ಕೆ ಬದಲಾದರು.

ಮತಪತ್ರದಲ್ಲಿ ಹೆಸರು ಬರುವುದೂ ಸಲೀಸಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1,000 ಡಾಲರ್ ಕಟ್ಟಿದರೆ ಆಯಿತು. ವರ್ಜೀನಿಯಾದಲ್ಲಿ 2012ಕ್ಕೆ 10,000 ಮತದಾರರ ಸಹಿ ಬೇಕಿತ್ತು, ಅದರಲ್ಲೂ 11 ಕ್ಷೇತ್ರಗಳಿಂದ ತಲಾ 400ಕ್ಕೆ ಕಡಿಮೆ ಇರಬಾರದು. ರಿಪಬ್ಲಿಕನ್ ಟಿಕೆಟ್ ಬಯಸಿದ್ದ, ವರ್ಜೀನಿಯಾದಲ್ಲೇ ಮನೆ ಇದ್ದ ನ್ಯೂಟ್ ಗಿಂಗ್ರಿಚ್‌ಗೇ ಸಿಂಧುವಾದ ಸಹಿಗಳು ಸಾಲಲಿಲ್ಲ. ಮತಪತ್ರದಲ್ಲಿ ಉಳಿದದ್ದು ಮಿಟ್ ರಾಮ್ನಿ, ರಾನ್ ಪಾಲ್ ಇಬ್ಬರೇ. ಸಹಿಗಳಲ್ಲಿ ಒಂದಷ್ಟು ಯಾವಾಗಲೂ ತಿರಸ್ಕೃತವಾಗುತ್ತವೆ: ವಿಳಾಸ ಹೊಂದುವುದಿಲ್ಲ, ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಬೇಕಾದಷ್ಟನ್ನೇ ಸಂಗ್ರಹಿಸಿ ಸುಮ್ಮನಾದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು ಮತದಾರರ ಕಡೆ. ಅಮೆರಿಕದಲ್ಲಿ ನೆಲೆಸಿ ಈಚೆಗೆ ಪೌರತ್ವ ಪಡೆದ ಕನ್ನಡಿಗರು, ಅವರ ಅಪ್ಪ ಅಮ್ಮಂದಿರು ಈ ಮಾತನ್ನು ಕೇಳುತ್ತಿರಬಹುದು. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಪೌರರಿಗೆ ಮಾತ್ರ ಮತ. ಮೊದಲು ನಿಮ್ಮ ರಾಜ್ಯದ ಪ್ರೈಮರಿ ಮುಚ್ಚಿದ್ದೋ ತೆರೆದದ್ದೋ ನೋಡಿಕೊಳ್ಳಿ. ಟೆಕ್ಸಾಸ್, ಮಿಶಿಗನ್‌ಗಳದ್ದು ತೆರೆದದ್ದು: ಪಕ್ಷದ ನೋಂದಣಿ ಬೇಡ, ಒಂದು ಪಕ್ಷದ ಮತಪತ್ರ ಕೇಳಿ ಪಡೆದರೆ ಸಾಕು. ನ್ಯೂಯಾರ್ಕ್‌ನದ್ದು ಮುಚ್ಚಿದ್ದು: ಆಯಾ ಪಕ್ಷದಲ್ಲಿ ಮೊದಲೇ ನೋಂದಾಯಿಸಿರಬೇಕು. 2016ರ ಏಪ್ರಿಲ್ 19ರ ಪ್ರೈಮರಿಗೆ ಪಕ್ಷ ಬದಲಿಸಲು ಕೊನೆಯ ದಿನ ಹಿಂದಿನ ವರ್ಷದ ಅಕ್ಟೋಬರ್ 9 ಆಗಿತ್ತು. ಟ್ರಂಪ್ ಅವರ ಮಕ್ಕಳಾದ ಇವಾಂಕಾ, ಎರಿಕ್ ಕೂಡ ಆ ಗಡುವು ತಪ್ಪಿಸಿಕೊಂಡು ತಂದೆಗೆ ಮತ ಹಾಕಲಾಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ‘ಯಾವ ಪಕ್ಷವೂ ಇಲ್ಲ’ ಎಂದು ನೋಂದಾಯಿಸಿದವರ ಮನೆಗೆ ಬರುವ ಅಂಚೆ ಮತಪತ್ರದಲ್ಲಿ ಅಧ್ಯಕ್ಷ ಹುದ್ದೆಯ ಸಾಲೇ ಇರುವುದಿಲ್ಲ. 2024ರಲ್ಲೂ ಡೆಮಾಕ್ರಟಿಕ್ ಮತಪತ್ರವನ್ನು ಬೇರೆಯಾಗಿ ಕೇಳಬೇಕಿತ್ತು, ರಿಪಬ್ಲಿಕನ್ ಪಕ್ಷ ಹೊರಗಿನವರಿಗೆ ಕೊಡಲೇ ಇಲ್ಲ.

ಪ್ರೈಮರಿ ಅಧ್ಯಕ್ಷರಿಗೆ ಮಾತ್ರವಲ್ಲ ಎಂಬುದೂ ನೆನಪಿರಲಿ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಶಿಗನ್ ಗವರ್ನರ್ ಹುದ್ದೆಯ ಪ್ರೈಮರಿಯಲ್ಲಿ ಸೋತವರು, 2022ರಲ್ಲಿ ಪ್ರೈಮರಿ ಗೆದ್ದೇ ಅಮೆರಿಕದ ಸಂಸತ್ತಿಗೆ ಹೋದರು.

ಅಂಚೆಯಲ್ಲಿ ಮತ ಹಾಕುವವರು ಆತುರ ಬೀಳಬೇಡಿ. 2020ರ ಮಾರ್ಚ್ 3ರಂದು 14 ರಾಜ್ಯಗಳಲ್ಲಿ ಮತದಾನ. ಡೆಮಾಕ್ರಟಿಕ್ ಟಿಕೆಟಿಗೆ ಸ್ಪರ್ಧಿಸಿದ್ದವರಲ್ಲಿ ಮಾರ್ಚ್ 1ಕ್ಕೆ ಪೀಟ್ ಬುಟಿಜೆಜ್, ಮರುದಿನ ಏಮಿ ಕ್ಲೋಬುಚರ್ ಕಣದಿಂದ ಹಿಂದೆ ಸರಿದರು. ಅಷ್ಟರಲ್ಲಿ ಅವರ ಹೆಸರಿಗೆ ಗುರುತು ಹಾಕಿ ಕಳಿಸಿದ್ದವರಿಗೆ ಮತ್ತೆ ಅವಕಾಶವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮತದಾನದ ದಿನದೊಳಗಿನ ಅಂಚೆ ಮುದ್ರೆ ಬಿದ್ದಿದ್ದರೆ ಸಾಕು, ಕೊನೆಯ ವಾರದವರೆಗೂ ಕಾಯಬಹುದು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ, ಕೆಲವೆಡೆ ಅಷ್ಟರೊಳಗೆ ಲಕೋಟೆ ಕಚೇರಿ ತಲುಪಿರಬೇಕು. ಲಕೋಟೆ ಅಂಟಿಸಿದ ಮೇಲೆ ಹೊರಗಿನ ಗೆರೆಯ ಮೇಲೆ ಸಹಿ ಹಾಕಿ, ನೋಂದಣಿಯಲ್ಲಿರುವ ಸಹಿಯಂತೆಯೇ ಹಾಕಿ. ಅಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ.

ನಮಸ್ಕಾರ.