ಯಾರ ಮುಖ, ಯಾರ ಫೋಟೋ

ಕೇಳುಗರಿಗೆಲ್ಲ ನಮಸ್ಕಾರ.

ಫೋಟೋ ಸ್ಟುಡಿಯೋ ಇಟ್ಟವರಿಗೆ ಕೇಳಿ ಕೇಳಿ ಅಭ್ಯಾಸವಾದ ಮಾತೊಂದಿದೆ. ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸುತ್ತೇವೆ. ಗಿರಾಕಿ ಬಗ್ಗಿ ನೋಡುತ್ತಾರೆ. ಆಮೇಲೆ ಮೆಲ್ಲಗೆ, "ಸಾರ್, ನಾನು ಹೀಗಿದ್ದೀನಾ?" ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿ, "ಹೀಗೇ ಇದ್ದೀರಿ, ಚೆನ್ನಾಗೇ ಬಂದಿದೆ ಕಣ್ರೀ" ಅನ್ನುತ್ತಾರೆ. ಅವರಿಗೆ ಸಮಾಧಾನವಿಲ್ಲ. ಇನ್ನೊಂದು ತೆಗೀರಿ ಅಂತಾರೆ.

ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ಇಂಥ ಕಡೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಷ್ಟು ಹೊತ್ತು ಲೈಟು ಹೊಂದಿಸಿರುತ್ತಾರೆ, ಕೆನ್ನೆಯ ಮೇಲೆ ನೆರಳು ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕಿರುತ್ತಾರೆ. ಗಿರಾಕಿಗೆ ಟೇಸ್ಟ್ ಇಲ್ಲ ಅಂತ ಷರಾ ಬರೆದುಬಿಡುತ್ತಾರೆ. ಆದರೆ ಅಲ್ಲಿ ಗಂಡ ಹೇಳಿದ್ದೂ ನಿಜ, ಹೆಂಡತಿ ಹೇಳಿದ್ದೂ ನಿಜ. ನಮ್ಮ ಮುಖವನ್ನು ನಾವು ದಿನಾ ನೋಡುವುದು ಕನ್ನಡಿಯಲ್ಲಿ. ಅಲ್ಲಿ ಎಡ ಬಲ ಅದಲು ಬದಲು. ಯಾರ ಮುಖವೂ ಎರಡು ಕಡೆ ಒಂದೇ ಥರ ಇರುವುದಿಲ್ಲ. ಒಂದು ಹುಬ್ಬು ಚೂರು ಮೇಲಿರುತ್ತದೆ, ತುಟಿ ಒಂದು ಪಕ್ಕಕ್ಕೆ ಎಳೆದಿರುತ್ತದೆ, ಕ್ರಾಪು ಒಂದು ಕಡೆ ಬಾಚಿರುತ್ತದೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದರು. ಒಬ್ಬರದೇ ಫೋಟೋವನ್ನು ಇದ್ದ ಹಾಗೆ ಒಂದು, ತಿರುಗಿಸಿ ಒಂದು ಪ್ರಿಂಟ್ ಹಾಕಿ ತೋರಿಸಿದರು. ಫೋಟೋದಲ್ಲಿ ಇದ್ದವರು ಹೆಚ್ಚಾಗಿ ಕನ್ನಡಿಯ ಮುಖವನ್ನೇ ಆರಿಸಿದರು. ಅವರ ಹತ್ತಿರದವರು ಆರಿಸಿದ್ದು ಇದ್ದ ಹಾಗಿರುವುದನ್ನು.

ಹಾಗಾದರೆ ತಿರುಗಿಸಿಯೇ ಕೊಟ್ಟರಾಯಿತಲ್ಲ ಅಂತೀರಿ. ಆಗಲ್ಲ. ಶರ್ಟಿನ ಜೇಬು ಬಲಕ್ಕೆ ಹೋಗುತ್ತದೆ. ಎಡ ಹೆಗಲ ಸೆರಗು ಬಲ ಹೆಗಲಿಗೆ ಬರುತ್ತದೆ. ಕೊಡಗಿನವರಾದರೆ ಬಲದ್ದು ಎಡಕ್ಕೆ. ಮನೆಯ ಹೆಂಗಸರ ಕಣ್ಣಿಗೆ ಮೊದಲು ಬೀಳುವುದೇ ಅದು.

ಮೊಬೈಲ್ ಬಂದ ಮೇಲೆ ಈ ತೊಂದರೆ ಇನ್ನೂ ಜಾಸ್ತಿಯಾಗಿದೆ. ಸೆಲ್ಫಿ ತೆಗೆಯುವುದು ಕೈಯಳತೆಯ ದೂರದಿಂದ. ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು, ಮುಖ ಉದ್ದವಾಗಿ ಕಾಣುತ್ತದೆ. ಸ್ಟುಡಿಯೋದಲ್ಲಿ ನಾವು 85 ಮಿಲಿಮೀಟರ್ ಲೆನ್ಸ್ ಹಾಕಿ ಆರೇಳು ಅಡಿ ಹಿಂದೆ ನಿಲ್ಲುತ್ತೇವೆ. ಎದುರಿಗೆ ಕೂತು ಮಾತಾಡುವವರಿಗೆ ಕಾಣುವ ಮುಖ ಅದು. ಸೆಲ್ಫಿಗೆ ಒಗ್ಗಿದ ಕಣ್ಣಿಗೆ ಮಾತ್ರ, "ಅಯ್ಯೋ, ದಪ್ಪ ಕಾಣ್ತಿದೀನಿ." ಆಗ ವಾದ ಮಾಡಿ ಪ್ರಯೋಜನವಿಲ್ಲ. ಮುಖವನ್ನು ಒಂಚೂರು ಪಕ್ಕಕ್ಕೆ ತಿರುಗಿಸಿ, ಕ್ಯಾಮೆರಾಗೆ ಹತ್ತಿರವಿರುವ ಅಗಲ ಕೆನ್ನೆಯನ್ನು ನೆರಳಿಗೆ ಬಿಟ್ಟು, ಆ ಕಡೆಯ ಕೆನ್ನೆಗೆ ಬೆಳಕು ಕೊಟ್ಟರೆ ಮುಖ ತಾನಾಗಿ ಸಣ್ಣಗಾಗುತ್ತದೆ. ಕಂಪ್ಯೂಟರಿನಲ್ಲಿ ಗಲ್ಲ ಕೊರೆಯುವ ಅಗತ್ಯವೇ ಬೀಳುವುದಿಲ್ಲ. ಗಿರಾಕಿಗೆ ಬೇಕಾದದ್ದು ಸಿಕ್ಕಿತು, ನನಗೆ ನೆರಳು ಸಿಕ್ಕಿತು.

ಕ್ಯಾಮೆರಾ ಮುಟ್ಟುವ ಮೊದಲು ನಾನು ಕೇಳುವುದು ಒಂದೇ. ಈ ಫೋಟೋ ಎಲ್ಲಿಗೆ ಹೋಗುತ್ತೆ, ಯಾರು ನೋಡ್ತಾರೆ? "ಚೆನ್ನಾಗಿ ಬರ್ಲಿ" ಅಂತ ಎಲ್ಲರೂ ಹೇಳುತ್ತಾರೆ. ಆ ಚೆನ್ನ ಯಾವ ಥರದ್ದು ಅಂತ ಗೊತ್ತಾಗುವುದು ಈ ಪ್ರಶ್ನೆ ಕೇಳಿದಾಗ. ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಅಂತ ಬರುವ ಊರಿನ ಮುಖಂಡರನ್ನು ನೋಡಿ. ಬಿಳಿ ಶರ್ಟು, ಮುಗಿದ ಕೈ, ಕೈಯಲ್ಲಿ ವಾಚು, ಕೊರಳಲ್ಲಿ ಚೈನು. ಅಲ್ಲಿ ಹೋಗಿ ಅರ್ಧ ಮುಖ ಕತ್ತಲಲ್ಲಿಟ್ಟು ಕಲೆ ತೋರಿಸಿದರೆ ಏನಾಗುತ್ತದೆ? ಫ್ಲೆಕ್ಸ್ ಡಿಸೈನ್ ಮಾಡುವ ಹುಡುಗ ಹಿನ್ನೆಲೆ ಕತ್ತರಿಸಿ ತೆಗೆಯಬೇಕು, ಮೇಲೆ ಹತ್ತು ಜನರ ತಲೆ ಕೂರಿಸಬೇಕು. ಸರ್ಕಲ್ಲಿನಲ್ಲಿ ಬಸ್ಸಿನಿಂದ ನೋಡುವವನಿಗೆ ಮುಖ ಗುರುತು ಸಿಗಬೇಕು. ಅದಕ್ಕೆ ಬೇಕಾದದ್ದು ಎರಡೂ ಕಡೆಯಿಂದ ಸಮನಾದ ಬೆಳಕು. ಅಷ್ಟೇ ಕೊಡಬೇಕು, ಹಣ ಎಣಿಸಿಕೊಳ್ಳಬೇಕು. ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ ಅದರಲ್ಲಿ.

ಗಿರಾಕಿಯ ಹಟದಿಂದಲೇ ಕಲೆ ಹುಟ್ಟಿದ್ದೂ ಇದೆ. ಮೊಗ್ಗಿನ ಜಡೆಯ ಫೋಟೋ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಮನೆಗಳ ಹಳೇ ಆಲ್ಬಮ್ಮಿನಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಬೇಸಿಗೆ ರಜೆ, ಮಲ್ಲಿಗೆಯ ಕಾಲ. ಹುಡುಗಿಯನ್ನು ಕೂರಿಸಿಕೊಂಡು ಅತ್ತೆಯೋ ಚಿಕ್ಕಮ್ಮನೋ ಗಂಟೆಗಟ್ಟಲೆ ಜಡೆಗೆ ಮೊಗ್ಗು ಹೊಲಿದಿರುತ್ತಾರೆ. ಸಂಜೆಯಾದರೆ ಮೊಗ್ಗು ಅರಳಿಬಿಡುತ್ತದೆ, ಅಷ್ಟರೊಳಗೆ ಸ್ಟುಡಿಯೋ ಮುಟ್ಟಬೇಕು. ಈಗ ತಾಯಿಗೆ ಮಗಳ ಮುಖವೂ ಬೇಕು, ಬೆನ್ನ ಮೇಲಿನ ಜಡೆಯೂ ಬೇಕು. ಎರಡು ಫೋಟೋ ತೆಗೆಸಲು ದುಡ್ಡಿಲ್ಲ. ಒಂದೇ ಫೋಟೋದಲ್ಲಿ ಎರಡೂ ಹೇಗೆ ಬರಬೇಕು? ಫೋಟೋಗ್ರಾಫರು ಹಿಂದೆ ಒಂದು ಆಳೆತ್ತರದ ಕನ್ನಡಿ ತಂದು ನಿಲ್ಲಿಸಿದರು. ಹುಡುಗಿ ಇತ್ತ ನೋಡುತ್ತಾಳೆ, ಜಡೆ ಕನ್ನಡಿಯಲ್ಲಿ ಕಾಣುತ್ತದೆ.

ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಕನ್ನಡಿಯನ್ನು ಓರೆ ಇಡದಿದ್ದರೆ ಕ್ಯಾಮೆರಾವೂ ಫೋಟೋಗ್ರಾಫರೂ ಲೈಟಿನ ಸ್ಟ್ಯಾಂಡೂ ಎಲ್ಲ ಅದರೊಳಗೆ ಬಂದು ಕೂರುತ್ತವೆ. ಇನ್ನೊಂದು ಕಷ್ಟ ಫೋಕಸ್ಸಿನದು. ಜಡೆ ಕನ್ನಡಿಯ ಮೇಲೆ ಅಂಟಿಕೊಂಡಿಲ್ಲ. ಲೆನ್ಸಿನಿಂದ ಕನ್ನಡಿಯವರೆಗಿನ ದೂರ, ಅಲ್ಲಿಂದ ಮತ್ತೆ ಹುಡುಗಿಯ ಬೆನ್ನಿನವರೆಗಿನ ದೂರ, ಎರಡೂ ಸೇರಿ ಅದರ ದೂರ. ಮುಖಕ್ಕೆ ಫೋಕಸ್ ಇಟ್ಟರೆ ಜಡೆ ಮಸುಕು, ಜಡೆಗೆ ಇಟ್ಟರೆ ಮುಖ ಮಸುಕು. ಎರಡೂ ಸ್ಪಷ್ಟವಾಗಿ ಬರಬೇಕಾದರೆ ಲೆನ್ಸಿನ ಬಾಯಿ ಚಿಕ್ಕದು ಮಾಡಬೇಕು, ಎಫ್ 8, ಎಫ್ 11ರ ಮಟ್ಟಕ್ಕೆ. ಬಾಯಿ ಚಿಕ್ಕದಾದರೆ ಬೆಳಕು ಸಾಲದು, ಅದಕ್ಕೆ ಲೈಟು ಹೆಚ್ಚಿಸಬೇಕು. ಲೈಟು ಹೆಚ್ಚಿದರೆ ಕನ್ನಡಿ ಹೊಳೆಯುತ್ತದೆ. ಇಷ್ಟೆಲ್ಲ ಒದ್ದಾಡಿ ಆ ಫೋಟೋ ತೆಗೆದವರು ತಮ್ಮನ್ನು ಕಲಾವಿದರು ಅಂತ ಕರೆದುಕೊಳ್ಳಲಿಲ್ಲ. ನನಗೆ ಮಾತ್ರ ಅದು ನಮ್ಮ ಕಡೆಯ ಸ್ಟುಡಿಯೋಗಳು ಮಾಡಿದ ಬಲು ಜಾಣ ಕೆಲಸ ಅನ್ನಿಸುತ್ತದೆ.

ಹಿರಿಯರು ಹೇಳುವ ಇನ್ನೂ ಕೆಲವು ಕಟ್ಟಳೆಗಳಿವೆ. ಎರಡೂ ಕಿವಿ ಕಾಣಬೇಕು. ಪಾದ ಕತ್ತರಿಸಬಾರದು. ಮೂರು ಜನ ನಿಂತು ಫೋಟೋ ತೆಗೆಸಬಾರದು. ಸುಮ್ನೆ ನಕ್ಕು, ಅಣ್ಣನ ಮಗುವನ್ನು ಕರೆದು ನಾಲ್ಕು ಮಾಡಿಕೊಂಡರೆ ಮುಗಿಯಿತು. ಮಗು ಬಂದರೆ ಫೋಟೋಕ್ಕೂ ಲವಲವಿಕೆ ಬರುತ್ತದೆ.

ನಗಲಾಗದ ಬೇಡಿಕೆ ಒಂದಿದೆ. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್." ವಧುವರರ ಫೋಟೋ ಅಂದರೆ ಇದು ಇಲ್ಲದೆ ಮುಗಿಯುವುದೇ ಇಲ್ಲ. ಮದುವೆಗೆ ಬಂದ ಹುಡುಗಿಯನ್ನು ಕೂರಿಸಿಕೊಂಡು ಅವಳ ಎದುರಿಗೇ ಈ ಮಾತಾಡುತ್ತಾರೆ. ನನಗೆ ಇದು ಹಿಡಿಸುವುದಿಲ್ಲ. ಹಾಗಂತ ಭಾಷಣ ಬಿಗಿದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸುಣ್ಣ ಬಳಿದು ಕೊಡುತ್ತಾರೆ. ಅದಕ್ಕಿಂತ, ಅವರ ದೂರಿನಲ್ಲಿ ಇರುವ ಸತ್ಯ ಎಷ್ಟು ಅಂತ ಮೊದಲು ನೋಡಬೇಕು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಮುಖ ಯಾವುದು, ಬಟ್ಟೆ ಯಾವುದು ಅನ್ನುವ ತಿಳಿವು ಹುಟ್ಟಾ ಇಲ್ಲ. ಎದುರಿಗೆ ಏನಿದ್ದರೂ ಒಟ್ಟಾರೆ ಒಂದು ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಪಂಚೆ, ಬಿಳಿ ಶರ್ಟು, ಹಿಂದೆ ಬಿಳಿ ಗೋಡೆ ಇದ್ದರೆ, ಬೆಳಕು ಜಾಸ್ತಿಯಾಯಿತು ಅಂತ ತಿಳಿದು ಇಡೀ ಫೋಟೋವನ್ನು ಇಳಿಸಿಬಿಡುತ್ತದೆ. ಮುಖ ಇದ್ದದ್ದಕ್ಕಿಂತ ಕಪ್ಪಗೆ ಬರುತ್ತದೆ. ಈಗಿನ ಕ್ಯಾಮೆರಾಗಳು ಮುಖ ಗುರುತಿಸುತ್ತವೆ, ಆದರೂ ಪೂರ್ತಿ ನಂಬುವ ಹಾಗಿಲ್ಲ. ಅಂದರೆ "ಕಪ್ಪಗೆ ಬಂದಿದೆ" ಅಂತ ಗಿರಾಕಿ ಹೇಳಿದಾಗ ಎಷ್ಟೋ ಸಲ ಅವರ ಮಾತು ಸರಿ. ಮುಖಕ್ಕೆ ಸರಿಯಾಗಿ ಬೆಳಕು ಅಳೆದು, ಮೆತ್ತನೆಯ ದೊಡ್ಡ ಲೈಟು ಪಕ್ಕದಿಂದ ಕೊಟ್ಟರೆ ಕಂದು ಬಣ್ಣದ ಚರ್ಮಕ್ಕೆ ಒಂದು ಹೊಳಪು ಬರುತ್ತದೆ. ಅದನ್ನು ತೋರಿಸಿದ ಮೇಲೆ ಬೆಳ್ಳಗೆ ಮಾಡಿ ಅನ್ನುವವರು ಅರ್ಧಕ್ಕರ್ಧ ಕಡಿಮೆ. ಉಳಿದವರಿಗೆ ನಾನು ಒಂದೇ ಮಾತು ಹೇಳುತ್ತೇನೆ. "ಹುಡುಗನ ಮನೆಯವರು ನಾಳೆ ನೋಡೋಕೆ ಬರ್ತಾರಲ್ಲಮ್ಮ. ಫೋಟೋ ಬೇರೆ, ಹುಡುಗಿ ಬೇರೆ ಅನ್ನಿಸಬಾರದು ಅಲ್ವಾ?"

ಫಿಲ್ಮಿನ ಕಾಲದಲ್ಲೂ ಟಚಪ್ ಇತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು, ಭೂತಗನ್ನಡಿ ಇಟ್ಟುಕೊಂಡು ಮಾಡುತ್ತಿದ್ದರು. ಮುಖದ ಕಪ್ಪು ಗೆರೆ ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಪೆನ್ಸಿಲಿನ ಸೀಸ ತುಂಬಿದರೆ ಪ್ರಿಂಟಿನಲ್ಲಿ ಆ ಗೆರೆ ತೆಳುವಾಗುತ್ತದೆ. ಕಣ್ಣು ನೋಯುವ ಕೆಲಸ, ಆದ್ದರಿಂದ ಎಷ್ಟು ಬೇಕೋ ಅಷ್ಟೇ ಮಾಡುತ್ತಿದ್ದರು. ಈಗ ಬೆರಳು ಎಳೆದರೆ ಐವತ್ತು ವರ್ಷದ ಸುಕ್ಕು ಮಾಯ. ನನ್ನ ಲೆಕ್ಕ ಇಷ್ಟು. ಮೊಡವೆ, ಗಾಯ, ನಿದ್ದೆಗೆಟ್ಟ ಕಣ್ಣು, ಇವು ಮುಂದಿನ ವಾರ ಇರುವುದಿಲ್ಲ, ತೆಗೆಯಬಹುದು. ಮಚ್ಚೆ, ಹಳೇ ಕಲೆ, ನಗೆಯ ಗೆರೆ, ಇವು ಅವರದೇ. ಅವರಾಗಿ ಕೇಳದೆ ಮುಟ್ಟುವುದಿಲ್ಲ.

ಒಮ್ಮೆ ಒಬ್ಬ ಅಜ್ಜಿಯನ್ನು ಮಗ ಕರೆದುಕೊಂಡು ಬಂದಿದ್ದರು. ಯಾತಕ್ಕೆ ಫೋಟೋ ಅಂದರೆ ಮಗ ಮಾತು ನುಂಗಿದರು. ಅಜ್ಜಿಯೇ ಹೇಳಿದರು. "ಆಮೇಲೆ ಹಾರ ಹಾಕೋದಕ್ಕೆ ಕಣಪ್ಪ. ಇವರಪ್ಪಂದು ಒಂದೂ ಸರಿಯಾದ್ದು ಸಿಗಲಿಲ್ಲ, ಯಾವುದೋ ಮದುವೆ ಫೋಟೋದಾಗೆ ಕತ್ತರಿಸಿ ಹಾಕವ್ರೆ." ಮಗನಿಗೆ ಮೈಸೂರು ಸಿಲ್ಕ್ ಸೀರೆ, ನಗುಮುಖ ಬೇಕು. ನನಗೆ ಕಿಟಕಿ ಪಕ್ಕ ಕೂರಿಸಿ, ಸುಕ್ಕುಗಟ್ಟಿದ ಆ ಕೈಗಳನ್ನೂ ಸೇರಿಸಿ ತೆಗೆಯುವ ಆಸೆ. ಅಜ್ಜಿ ಇಬ್ಬರ ಮಾತೂ ಕೇಳಲಿಲ್ಲ. ಮನೆಯಲ್ಲಿ ಉಡುವ ಇಳಕಲ್ ಸೀರೆಯೇ ಸಾಕು ಅಂದರು. ನಗಿ ಅಜ್ಜಿ ಅಂದರೆ, "ನಾನು ಸತ್ತು ಗ್ವಾಡೆ ಮ್ಯಾಲೆ ಕೂತ್ಕಂಡು ನಿಮ್ಮನ್ನೆಲ್ಲ ನೋಡಿ ಹಲ್ಲು ಕಿರೀಬೇಕಾ?" ಅಂತ ಕೇಳಿದರು. ನೆಟ್ಟಗೆ ಕೂತರು. ಲೆನ್ಸಿಗೆ ಕಣ್ಣಿಟ್ಟರು. ನಾನು ಎದುರಿನಿಂದ, ಸರಳ ಬೆಳಕಿನಲ್ಲಿ ತೆಗೆದೆ. ಮುಗೀತಾ ಅಂತ ಕೇಳಿ, ಎದ್ದು ಸೆರಗು ಸರಿ ಮಾಡಿಕೊಳ್ಳುವಾಗ ಮಗನನ್ನು ಏನೋ ಬೈದು ತಾವೇ ನಕ್ಕುಬಿಟ್ಟರು. ಕಿಟಕಿಯ ಬೆಳಕು ಆ ಕಡೆಯಿಂದಲೇ ಬರುತ್ತಿತ್ತು. ಅದನ್ನೂ ತೆಗೆದೆ. ಮೊದಲಿನದಕ್ಕೆ ಫ್ರೇಮ್ ಹಾಕಿಸಿದರು. ಎರಡನೆಯದು ಮೊಮ್ಮಗಳ ಮೊಬೈಲಿಗೆ ಹೋಯಿತು. ಎರಡರಲ್ಲಿ ಯಾವುದು ಒಳ್ಳೆಯ ಫೋಟೋ ಅಂತ ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಅವರ ಫೋಟೋ, ಆಮೇಲೆ ನಮ್ಮ ಫೋಟೋ. ದೊಡ್ಡವರೂ ಎರಡು ತೆಗೆದವರೇ. ಕೆನಡಾದ ಫೋಟೋಗ್ರಾಫರ್ ಯೂಸುಫ್ ಕಾರ್ಶ್ ತೆಗೆದ, ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಫೋಟೋ ನೀವು ನೋಡಿರುತ್ತೀರಿ. 1941ರ ಡಿಸೆಂಬರ್ 30, ಒಟ್ಟಾವಾದ ಸಂಸತ್ ಭವನ. ಭಾಷಣ ಮುಗಿಸಿ ಬಂದ ಚರ್ಚಿಲ್ ಬಾಯಲ್ಲಿ ಚುಟ್ಟಾ. ಕಾರ್ಶ್ ಕ್ಷಮಿಸಿ ಅನ್ನುತ್ತಾ ಅದನ್ನು ಕಿತ್ತುಕೊಂಡೇ ಬಿಟ್ಟರು. ಚರ್ಚಿಲ್ ಮುಖ ಗಂಟಿಕ್ಕಿದ ಆ ಗಳಿಗೆ ಜಗತ್ಪ್ರಸಿದ್ಧವಾಯಿತು. 2016ರಲ್ಲಿ ಬಂದ ಬ್ರಿಟನ್ನಿನ ಐದು ಪೌಂಡ್ ನೋಟಿನ ಮೇಲೂ ಅದೇ ಮುಖ. ಗಿರಾಕಿಗೆ ಹೆದರಬೇಡಿ ಅನ್ನುವುದಕ್ಕೆ ಈ ಕಥೆಯನ್ನು ಹುಡುಗರಿಗೆ ಹೇಳುತ್ತಾರೆ. ಕಥೆಯ ಉಳಿದರ್ಧ ಹೇಳುವುದಿಲ್ಲ. ಅದಾದ ಮೇಲೆ ಚರ್ಚಿಲ್ ನಕ್ಕು ಇನ್ನೊಂದಕ್ಕೆ ಒಪ್ಪಿದರು, ಕಾರ್ಶ್ ಆ ನಗುವನ್ನೂ ತೆಗೆದರು.

ಅದೇ ಚರ್ಚಿಲ್‌ಗೆ 1954ರಲ್ಲಿ ಎಂಬತ್ತು ತುಂಬಿದಾಗ ಬ್ರಿಟನ್ನಿನ ಸಂಸತ್ ಸದಸ್ಯರು ದುಡ್ಡು ಹಾಕಿ ಚಿತ್ರಕಾರ ಗ್ರಹಾಂ ಸದರ್ಲ್ಯಾಂಡ್ ಕೈಯಲ್ಲಿ ಚಿತ್ರ ಬರೆಸಿ ಕೊಟ್ಟರು. ಕುಗ್ಗಿದ ಮುದುಕನಂತೆ ಬರೆದಿದ್ದಾರೆ ಅಂತ ಚರ್ಚಿಲ್‌ಗೆ ಸಿಟ್ಟು. ಕೊನೆಗೆ ಹೆಂಡತಿಯೇ ಆ ಚಿತ್ರವನ್ನು ನಾಶ ಮಾಡಿಸಿದರು. ದುಡ್ಡು ಕೊಟ್ಟವರು ಒಬ್ಬರು, ಕೂತವರು ಇನ್ನೊಬ್ಬರು, ಮನೆಯಲ್ಲಿ ಇಟ್ಟುಕೊಳ್ಳಬೇಕಾದವರು ಮತ್ತೊಬ್ಬರು. ಈ ಮೂವರು ನಮ್ಮ ಸ್ಟುಡಿಯೋಗೂ ದಿನಾ ಬರುತ್ತಾರೆ, ಅಪ್ಪ, ಮಗಳು, ಬೀಗರ ರೂಪದಲ್ಲಿ.

ಇನ್ನು ಕಾನೂನಿನ ಒಂದು ವಿಷಯ. ನಾನು ತೆಗೆದದ್ದು, ನನ್ನ ಫೋಟೋ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಬೇರೆ ಹೇಳುತ್ತದೆ. ಯಾರಾದರೂ ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಹಿಂದೆ ಸ್ಟುಡಿಯೋ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಊರ ಹುಡುಗಿಯರ ಫೋಟೋ ಕೇಳದೆಯೇ ಹಾಕುತ್ತಿದ್ದರು. ಈಗ ಅದು ಇನ್‌ಸ್ಟಾಗ್ರಾಂ. ಕೇಳದೆ ಹಾಕಬಾರದು. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಎಷ್ಟು ಫೋಟೋ, ಆರಿಸುವವರು ಯಾರು, ಎಷ್ಟು ಸಲ ತಿದ್ದಿ ಕೊಡುತ್ತೇವೆ, ನಾವು ಎಲ್ಲಿ ಬಳಸಬಹುದು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿದರೆ ಮುಂದಿನ ಜಗಳ ತಪ್ಪುತ್ತದೆ. ಯಾರನ್ನೂ ಕೇಳದೆ ನಮ್ಮಿಷ್ಟದ ಪ್ರಯೋಗ ಮಾಡುವ ಆಸೆ ಇದ್ದರೆ, ಗೆಳೆಯರನ್ನೋ ನಾಟಕದ ಹುಡುಗರನ್ನೋ ಕೂರಿಸಿಕೊಂಡು, ನಮ್ಮ ಸಮಯದಲ್ಲಿ, ನಮ್ಮ ಖರ್ಚಿನಲ್ಲಿ ಮಾಡಬೇಕು. ಪ್ರಿಂಟು ಅವರಿಗೆ ಬಿಟ್ಟಿ ಕೊಡಬೇಕು. ಅಲ್ಲಿ ಕಲಿತದ್ದು ಗಿರಾಕಿಯ ಫೋಟೋದಲ್ಲೂ ತಾನಾಗಿ ಬರುತ್ತದೆ.

ಫೋಟೋ ತೆಗೆಸಲು ಹೋಗುವ ಕೇಳುಗರಿಗೂ ಒಂದು ಮಾತು. ಇಂಟರ್ನೆಟ್ಟಿನಿಂದ ಯಾರದೋ ಫೋಟೋ ತೋರಿಸಿ ಹೀಗೇ ಬೇಕು ಅನ್ನುವುದಕ್ಕಿಂತ, ನಿಮ್ಮದೇ ಹಳೆಯ ಫೋಟೋಗಳಲ್ಲಿ ನಿಮಗೆ ಸ್ವಲ್ಪವೂ ಹಿಡಿಸದ ಒಂದನ್ನು ತನ್ನಿ. ಅದರಲ್ಲಿ ಏನು ಹಿಡಿಸಲಿಲ್ಲ ಅಂತ ಹೇಳಿ. ಫೋಟೋಗ್ರಾಫರಿಗೆ ಅರ್ಧ ಕೆಲಸ ಅಲ್ಲೇ ಹಗುರವಾಗುತ್ತದೆ. ಅವತ್ತು ಬೆಳಗ್ಗೆಯೇ ಹೊಸದಾಗಿ ಕ್ಷೌರ ಮಾಡಿಸಿಕೊಂಡು ಬರಬೇಡಿ, ಎರಡು ದಿನ ಮೊದಲೇ ಮಾಡಿಸಿ. ಕನ್ನಡಕ ಹಾಕುವವರು ಹಾಕಿಕೊಂಡೇ ಬನ್ನಿ, ಗಾಜಿನ ಮೇಲೆ ಲೈಟು ಹೊಳೆಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

ನಮಸ್ಕಾರ.